ಕಡಲಾಚೆಯ ವಿದ್ಯೆಗೆ ಕೊಟ್ಟ ಕೈಗಡ

ಪರದೇಶಕ್ಕೆ ಹೋಗಿ ಓದಿ ಬಂದವರ ಚರಿತ್ರೆಯನ್ನು ಬರೆಯುವ ಬಗೆಯೊಂದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಂಥವರು ಇಂಥ ವರ್ಷ ಹಡಗನ್ನೇರಿದರು, ಇಂಥ ವಿಶ್ವವಿದ್ಯಾನಿಲಯದ ಪದವಿ ಪಡೆದರು, ತಾಯ್ನಾಡಿಗೆ ಮರಳಿ ಕೀರ್ತಿವಂತರಾದರು ಎಂದು ಮೂರು ವಾಕ್ಯಗಳಲ್ಲಿ ಅದು ಮುಗಿದುಹೋಗುತ್ತದೆ. ಹಡಗಿನ ಟಿಕೆಟ್ಟಿಗೆ ಹಣ ಕೊಟ್ಟವರಾರು, ಕಾಣದ ಊರಿನಲ್ಲಿ ಮೊದಲನೆಯ ರಾತ್ರಿ ತಲೆಯಿಡಲು ಜಾಗ ತೋರಿಸಿದವರಾರು, ನಡುವೆ ಹಣ ನಿಂತುಹೋದಾಗ ಕೈಹಿಡಿದವರಾರು ಎಂಬುದು ಆ ವಾಕ್ಯಗಳ ಸಂದಿಯಲ್ಲಿ ಎಲ್ಲಿಯೋ ಬಿದ್ದುಹೋಗುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮ್ಮಂಥವರ ಕಣ್ಣು ಅಭ್ಯಾಸಬಲದಿಂದ ಮೊದಲು ಹೋಗುವುದು ಆ ಸಂದಿಗೇ. ಜಮೆಯನ್ನು ಕಂಡೊಡನೆ ಖರ್ಚನ್ನು ಹುಡುಕುವುದು ನಮ್ಮ ವೃತ್ತಿಯ ಚಾಳಿ, ವಾಚಕರು ಕ್ಷಮಿಸಬೇಕು.

ನಾವು ವಾಸಿಸುವ ಈ ಮುಂಬಯಿಯ ಬಂದರಿನಿಂದಲೇ ೧೮೮೮ರ ಸೆಪ್ಟೆಂಬರಿನಲ್ಲಿ ಮೋಹನದಾಸ ಗಾಂಧಿ ಎಂಬ ಹದಿನೆಂಟು ವರ್ಷದ ತರುಣನು ವಿಲಾಯತಿಗೆ ಹೊರಟನು. ತಂದೆ ಆಗಲೇ ತೀರಿಕೊಂಡಿದ್ದರು. ಹಣ ಹೊಂದಿಸಿದವನು ಅಣ್ಣ. ಮುಂಬಯಿಯಲ್ಲಿ ಅವರ ಜಾತಿಯ ಪಂಚಾಯತಿಯವರು ಸೇರಿ ಹುಡುಗನಿಗೆ ಬಹಿಷ್ಕಾರ ಹಾಕಿದರು. ಅವನಿಗೆ ಸಹಾಯ ಮಾಡಿದವರಿಗೆ, ಹಡಗುಕಟ್ಟೆಗೆ ಕಳುಹಿಸಲು ಹೋದವರಿಗೆ, ಒಂದು ರೂಪಾಯಿ ನಾಲ್ಕಾಣೆ ದಂಡವೆಂದೂ ಸಾರಿದರು. ಇದರ ಪರಿಣಾಮ ನೋಡಿ: ಪ್ರಯಾಣದ ಹಣವನ್ನು ಯಾರ ವಶದಲ್ಲಿ ಇಟ್ಟಿತ್ತೋ ಆ ಭಾವಮೈದುನನೇ, ಜಾತಿಗೆ ಹೆದರಿ, ಕೊಡಲೊಲ್ಲೆನೆಂದನು. ಆಗ ಕುಟುಂಬದ ಸ್ನೇಹಿತರೊಬ್ಬರು, ಅಣ್ಣನಿಂದ ವಸೂಲು ಮಾಡಿಕೊಳ್ಳುತ್ತೇನೆಂದು ಹೇಳಿ, ಟಿಕೆಟ್ಟಿಗೂ ಬಟ್ಟೆಬರೆಗೂ ಕೈಗಡ ಕೊಟ್ಟರು. ಬರವಣಿಗೆಯಿಲ್ಲ, ಜಾಮೀನಿಲ್ಲ. ಆ ಸ್ನೇಹಿತರು ಅಂದು ದಂಡದ ಲೆಕ್ಕ ಹಾಕುತ್ತ ಕುಳಿತಿದ್ದರೆ ಹಡಗು ಹೊರಟುಹೋಗುತ್ತಿತ್ತು.

ಹಣದ ಜೊತೆಗೆ ಗಾಂಧಿಯವರ ಕಿಸೆಯಲ್ಲಿ ನಾಲ್ಕು ಪರಿಚಯಪತ್ರಗಳಿದ್ದವು. ಡಾಕ್ಟರ್ ಪ್ರಾಣಜೀವನ ಮೆಹತಾ, ದಲಪತರಾಮ ಶುಕ್ಲ, ರಣಜಿತಸಿಂಹ, ದಾದಾಭಾಯಿ ನವರೋಜಿ ಇವರಿಗೆ ಬರೆದವು. ನಮಗೆ ತೋರುವಂತೆ ಹಣದಷ್ಟೇ ಬೆಲೆ ಈ ಕಾಗದಗಳಿಗೂ ಇತ್ತು. ಲಂಡನ್ನಿನಲ್ಲಿ ಇಳಿದವನನ್ನು ಮೊದಲು ಬಂದು ಕಂಡು, ಇಂಗ್ಲಿಷರ ನಡವಳಿಕೆಯ ಪಾಠ ಹೇಳಿದವರು ಮೆಹತಾ. ಮುಂದೆ ಅಣ್ಣನ ಹಣ ಹೀಗೆ ಕರಗುತ್ತಿದೆಯಲ್ಲಾ ಎಂಬ ಚುಚ್ಚು ಹತ್ತಿದ ಮೇಲೆ ಅವರು ಬಸ್ಸಿನ ದುಡ್ಡು, ಅಂಚೆಯ ದುಡ್ಡು, ವೃತ್ತಪತ್ರಿಕೆಗೆ ಕೊಟ್ಟ ಬಿಡಿಕಾಸು, ಎಲ್ಲವನ್ನೂ ಬರೆದು, ರಾತ್ರಿ ಮಲಗುವ ಮುನ್ನ ಶಿಲ್ಕು ತೆಗೆಯುವ ಪದ್ಧತಿ ಇಟ್ಟುಕೊಂಡರು. ಎರಡು ಕೋಣೆ ಬಿಟ್ಟು ಒಂದು ಕೋಣೆಗೆ ಬಂದು, ಬೆಳಗಿನ ಗಂಜಿ ತಾವೇ ಬೇಯಿಸಿಕೊಂಡು, ಊಟದ ವೆಚ್ಚವನ್ನು ದಿನಕ್ಕೆ ಒಂದು ಶಿಲಿಂಗು ಮೂರು ಪೆನ್ನಿಗೆ ಇಳಿಸಿದರು. ಕೆಲವು ವರ್ಷಗಳ ಬಳಿಕ, ಲಂಡನ್ನಿಗೆ ಓದಲು ಹೋಗುವ ಹುಡುಗರಿಗಾಗಿ ಎಷ್ಟು ಅಂಗಿ ಬೇಕು, ಎಷ್ಟು ಖರ್ಚು ಬೀಳುತ್ತದೆ ಎಂದು ವಿವರಿಸುವ ಕೈಪಿಡಿಯೊಂದನ್ನೂ ಬರೆದಿಟ್ಟರು. ಅದು ಅವರ ಜೀವಮಾನದಲ್ಲಿ ಅಚ್ಚಾಗಲಿಲ್ಲವೆಂಬುದು ನಮಗೆ ಖೇದದ ಸಂಗತಿ; ಅಂಥ ಕೈಪಿಡಿ ಆ ಕಾಲದಲ್ಲಿ ಎಷ್ಟು ಹುಡುಗರ ದುಡ್ಡನ್ನು ಉಳಿಸುತ್ತಿತ್ತೋ!

ಮನೆಯವರ ಹಣ, ಸ್ನೇಹಿತರ ಕೈಗಡ, ಇವೆರಡೂ ಇಲ್ಲದ ಬುದ್ಧಿವಂತರ ಗತಿಯೇನು? ಈ ಪ್ರಶ್ನೆಗೆ ವ್ಯವಸ್ಥಿತವಾದ ಉತ್ತರವನ್ನು ಮೊದಲು ಕೊಟ್ಟವರಲ್ಲಿ ಒಬ್ಬರು ಇದೇ ಊರಿನ ಜಮಶೇಟಜಿ ಟಾಟಾ. ೧೮೯೨ರಲ್ಲಿ ಅವರು ಸ್ಥಾಪಿಸಿದ ದತ್ತಿಯು ಇಂದಿಗೂ ನಡೆದುಬಂದಿದೆ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಅವರು ಕೊಟ್ಟದ್ದು ದಾನವಲ್ಲ, ಸಾಲ. ಓದಿ ಬಂದವನು ಸಂಪಾದಿಸತೊಡಗಿದ ಮೇಲೆ ಹಣವನ್ನು ಹಿಂದಿರುಗಿಸಬೇಕು. ಹಿಂದಿರುಗಿದ ಹಣ ಮುಂದಿನವನ ಹಡಗಿನ ವೆಚ್ಚವಾಗಬೇಕು. ಕೋಟ್ಯಧೀಶನಿಗೆ ಈ ಜುಗ್ಗತನವೇಕೆ ಎಂದು ಕೇಳುವವರು ಇರಬಹುದು. ನಮಗೇನೋ ಇದರಲ್ಲಿ ಜುಗ್ಗತನ ಕಾಣುವುದಿಲ್ಲ. ದಾನ ತೆಗೆದುಕೊಂಡವನು ಕೊಟ್ಟವನ ಮುಖ ನೋಡಿ ತಲೆ ತಗ್ಗಿಸುತ್ತಾನೆ. ಸಾಲ ತೀರಿಸಿದವನು ತಲೆಯೆತ್ತಿ ನಡೆಯುತ್ತಾನೆ. ಅದಕ್ಕಿಂತ ಹೆಚ್ಚಾಗಿ, ತಾನು ಕಟ್ಟಿದ ಕಂತಿನಿಂದ ಕಾಣದ ಹುಡುಗನೊಬ್ಬನು ಓದುತ್ತಾನೆಂಬುದು ಅವನಿಗೆ ಗೊತ್ತಿರುತ್ತದೆ. ಮೊದಮೊದಲು ಈ ನೆರವು ಪಡೆದವರಲ್ಲಿ ಇಬ್ಬರು ಸ್ತ್ರೀಯರು, ವೈದ್ಯಶಾಸ್ತ್ರ ಕಲಿಯಹೊರಟವರು: ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ. ಹೆಣ್ಣುಮಕ್ಕಳನ್ನು ಹೊಸಿಲು ದಾಟಿಸಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಅವರನ್ನು ಕಡಲು ದಾಟಿಸಿದ ಸಾಲವಿದು. ಮೊದಲು ಪಾರಸಿಗಳಿಗೆಂದಿದ್ದ ದತ್ತಿ ೧೮೯೪ರಲ್ಲಿ ಎಲ್ಲರಿಗೂ ತೆರೆಯಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಮಾಡಿದುದು ಈ ದತ್ತಿಯ ವಿದ್ಯಾರ್ಥಿಯಾಗಿ; ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ನರು ೧೯೪೫ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿಗೆ ಹೋದುದೂ ಹಾಗೆಯೇ.

ಇನ್ನು ಅರಮನೆಗಳ ಕೊಡುಗೆ. ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ತಿರುವಾಂಕೂರು ತನ್ನವನನ್ನು ಜಾತಿಯ ಕಾರಣದಿಂದ ಕೆಲಸಕ್ಕೆ ತೆಗೆದುಕೊಳ್ಳದಿದ್ದಾಗ ಮೈಸೂರಿನ ಸೇವೆಗೆ ಬಂದ ಡಾಕ್ಟರ್ ಪಲ್ಪುರವರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದ್ದು ಮೈಸೂರು ಸರ್ಕಾರ. ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದುದರ ಫಲವನ್ನಂತೂ ನಾವೆಲ್ಲ ಬಚ್ಚಲುಮನೆಯಲ್ಲಿ ಅನುಭವಿಸಿದವರೇ; ಮೈಸೂರು ಸ್ಯಾಂಡಲ್ ಸಾಬೂನಿನ ಸುಗಂಧದಲ್ಲಿ ಒಂದು ಪಾಲು ಆ ಪ್ರಯಾಣದ್ದು.

ಆದರೆ ಅರಮನೆಯ ಹಣ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಬರೋಡಾದ ಕಡತವನ್ನು ತೆರೆಯಬೇಕು. ೧೯೧೩ರಲ್ಲಿ ಸಯಾಜಿರಾವ್ ಗಾಯಕವಾಡ ಮಹಾರಾಜರು ಭೀಮರಾವ್ ಅಂಬೇಡಕರರಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲು ಮೂರು ವರ್ಷದ ವೇತನ ಮಂಜೂರು ಮಾಡಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡು. ಪ್ರತಿಯಾಗಿ, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡತಕ್ಕದ್ದೆಂದು ಮುಚ್ಚಳಿಕೆ. ೧೯೧೫ರಲ್ಲಿ ಎಂ.ಎ. ಆಯಿತು. ೧೯೧೬ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರಕ್ಕೂ ಬ್ಯಾರಿಸ್ಟರಿಗೂ ಹೆಸರು ಹಚ್ಚಿದರು. ಮರುವರ್ಷವೇ ವೇತನದ ಅವಧಿ ತೀರಿತೆಂದು ಬರೋಡಾದಿಂದ ಕಾಗದ ಬಂದಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ಮುಂದುವರಿಸಬಹುದೆಂದು ವಿಶ್ವವಿದ್ಯಾನಿಲಯದಿಂದ ಅನುಮತಿ ಪಡೆದು, ಅರ್ಧಕ್ಕೇ ಎದ್ದು ಬರಬೇಕಾಯಿತು. ಮಹಾಯುದ್ಧದ ಕಾಲ, ಅವರ ಸಾಮಾನು ಹೇರಿದ್ದ ಹಡಗನ್ನು ಶತ್ರುಗಳು ಮುಳುಗಿಸಿದರು. ಆ ನಷ್ಟಕ್ಕೆ ಥಾಮಸ್ ಕುಕ್ ಕಂಪನಿ ಕೊಟ್ಟ ಪರಿಹಾರದ ಹಣದಲ್ಲಿ ಬರೋಡಾದ ಪ್ರಯಾಣ ಸಾಗಿತು.

ಮುಚ್ಚಳಿಕೆಯಂತೆ ಸೇವೆಗೆ ಹಾಜರಾದರಲ್ಲವೆ? ಅಲ್ಲಿ ಅವರಿಗೆ ಇರಲು ಮನೆ ಸಿಗಲಿಲ್ಲ. ಅಸ್ಪೃಶ್ಯನೆಂದು ಯಾರೂ ಬಾಡಿಗೆಗೆ ಕೊಡರು. ಪಾರಸಿಗಳ ಛತ್ರವೊಂದರಲ್ಲಿ ಪಾರಸಿ ಹೆಸರು ಹೇಳಿಕೊಂಡು ಉಳಿದರು. ಗುಟ್ಟು ಬಯಲಾಗಿ ಹನ್ನೊಂದನೆಯ ದಿನ ಜನರು ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿನಿಲಯದ ಕೋಣೆ ಸಿಕ್ಕಿತ್ತು, ಲಂಡನ್ನಿನಲ್ಲಿ ಸಿಕ್ಕಿತ್ತು. ಯಾವ ಸಂಸ್ಥಾನವು ಅವರಿಗಾಗಿ ಹಣ ಸುರಿದಿತ್ತೋ ಅದರ ರಾಜಧಾನಿಯಲ್ಲಿ ಸಿಗಲಿಲ್ಲ. ಹತ್ತು ವರ್ಷದ ಕರಾರು ಒಂದು ಸೂರಿನ ಅಭಾವದಿಂದ ಮುರಿದುಬಿದ್ದಿತು. ವೇತನ ಮಂಜೂರು ಮಾಡುವವರು ಮೂರು ವರ್ಷದ ಲೆಕ್ಕ ಹಾಕಿದ್ದರು, ಕೋಣೆಯ ಲೆಕ್ಕ ಯಾರೂ ಹಾಕಿರಲಿಲ್ಲ.

ಮುಂದಿನದು ಪೂರ್ತಿಯಾಗಿ ಮುಂಬಯಿಯ ಕತೆ. ೧೯೧೮ರಲ್ಲಿ ಸಿಡನ್ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಬಿ.ಕಾಂ. ಓದಿದ ನಮಗೆ ಆ ವಾಣಿಜ್ಯ ಕಾಲೇಜಿನ ಹೆಸರೆತ್ತಿದರೆ ಅಭಿಮಾನ ಉಕ್ಕುವುದು ಸಹಜ. ಸಂಬಳದಲ್ಲಿ ಉಳಿಸಿದ್ದು ಸ್ವಲ್ಪ, ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟದ್ದು ಸಾವಿರದ ಐನೂರು ರೂಪಾಯಿ, ನ್ಯೂಯಾರ್ಕಿನ ವಿದ್ಯಾರ್ಥಿನಿಲಯದಲ್ಲಿ ಜೊತೆಗಿದ್ದ ಪಾರಸಿ ಗೆಳೆಯ ನವಲ ಭಥೇನಾ ಕೊಟ್ಟ ಸಾಲ, ಇಷ್ಟನ್ನು ಕಟ್ಟಿಕೊಂಡು ೧೯೨೦ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ವಸತಿಗೃಹದ ಒಡತಿ ಹಾಕುತ್ತಿದ್ದುದು ಹೊಟ್ಟೆಗೆ ಸಾಲದು. ಬೆಳಿಗ್ಗೆಯಿಂದ ಸಂಜೆಯವರೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಕುಳಿತು, ರಾತ್ರಿ ಹಸಿವಾದಾಗ ಪರಿಚಿತರು ಕೊಟ್ಟಿದ್ದ ಹಪ್ಪಳವನ್ನು ಸುಟ್ಟು ತಿನ್ನುತ್ತಿದ್ದರೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ೧೯೨೩ರಲ್ಲಿ ಡಿ.ಎಸ್‌ಸಿ. ಆಯಿತು. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ! ರೂಪಾಯಿಯ ಸಮಸ್ಯೆಯನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಆ ಗ್ರಂಥಾಲಯದಲ್ಲಿ ಇನ್ನಾರಿದ್ದರು? ಆ ದಿನಗಳಲ್ಲಿ ಅವರು ಬಾಡಿಗೆಗಿದ್ದ ಕಿಂಗ್ ಹೆನ್ರಿ ರಸ್ತೆಯ ಮನೆಯನ್ನು ಮಹಾರಾಷ್ಟ್ರ ಸರ್ಕಾರವು ೨೦೧೫ರಲ್ಲಿ ಮೂವತ್ತು ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಕೊಂಡು ಸ್ಮಾರಕ ಮಾಡಿತು. ಮಾಡಿದ್ದು ಒಳ್ಳೆಯದೇ. ಆದರೂ ಆ ಮೊತ್ತವನ್ನು ಓದುವಾಗ ಹನ್ನೊಂದೂವರೆ ಪೌಂಡಿನ ನೆನಪು ಬಾರದಿರುವುದಿಲ್ಲ.

ಲಂಡನ್ನಿನಲ್ಲಿ ನಮ್ಮ ಹುಡುಗರಿಗೆ ಆಸರೆ ಕೊಟ್ಟ ಮನೆಗಳ ಚರಿತ್ರೆಯೂ ಸ್ವಾರಸ್ಯವಾದದ್ದು. ೧೯೦೫ರಲ್ಲಿ ಶ್ಯಾಮಜಿ ಕೃಷ್ಣವರ್ಮರು ಹೈಗೇಟಿನಲ್ಲಿ ಇಂಡಿಯಾ ಹೌಸ್ ಎಂಬ ವಿದ್ಯಾರ್ಥಿನಿಲಯವನ್ನು ತೆರೆದರು. ಎರಡು ಸಾವಿರ ರೂಪಾಯಿಯ ವೇತನಗಳನ್ನೂ ಘೋಷಿಸಿದರು. ಷರತ್ತು ಒಂದೇ, ಪಡೆದವನು ಬ್ರಿಟಿಷ್ ಸರ್ಕಾರದ ಚಾಕರಿಗೆ ಸೇರಕೂಡದು. ಬರೋಡಾದ ಮುಚ್ಚಳಿಕೆ ಸೇವೆ ಮಾಡೆಂದಿತು, ಇವರದು ಮಾಡಬೇಡವೆಂದಿತು. ಆ ಮನೆ ಕ್ರಾಂತಿಕಾರರ ಬೀಡಾದುದು ಎಲ್ಲರೂ ಬಲ್ಲದ್ದು. ಸರ್ಕಾರಕ್ಕೂ ಎಚ್ಚರವಾಗಿ, ೧೯೦೯ರಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕಛೇರಿಯೊಂದನ್ನು ಇಂಡಿಯಾ ಆಫೀಸು ಏರ್ಪಡಿಸಿ, ಟಿ. ಡಬ್ಲ್ಯು. ಆರ್ನಾಲ್ಡರನ್ನು ನೇಮಿಸಿತು. ಕ್ರಾಮ್‌ವೆಲ್ ರಸ್ತೆಯ ೨೧ನೆಯ ನಂಬರಿನ ಮನೆಯಲ್ಲಿ ಅದೂ ವಸತಿಯೂ ಕೂಡಿಕೊಂಡವು. ಕಾಲೇಜಿನ ಪ್ರವೇಶ, ತಂಗುವ ಸ್ಥಳ, ಎಲ್ಲಕ್ಕೂ ಅಲ್ಲಿ ನೆರವು ಸಿಗುತ್ತಿತ್ತು. ಆದರೆ ಹುಡುಗರಲ್ಲಿ ಬಹಳ ಮಂದಿ ಅದನ್ನು ನಂಬಲಿಲ್ಲ. ಇದು ನಮ್ಮ ಮೇಲೆ ಕಣ್ಣಿಡುವ ಉಪಾಯವೆಂದೇ ತಿಳಿದರು. ಸಂಶಯವು ಪೂರ್ತಿ ಸುಳ್ಳಾಗಿರಲಿಲ್ಲ. ಆದರೂ ೧೯೧೧ರಲ್ಲಿ ಕಲಕತ್ತೆಯ ವಿಶ್ವವಿದ್ಯಾನಿಲಯದ ಗುರುಪ್ರಸನ್ನ ವೇತನದ ಮೇಲೆ ಮುದ್ರಣಕಲೆ ಕಲಿಯಲು ಬಂದ ಬಂಗಾಳಿಯ ಹಾಸ್ಯಕವಿ ಸುಕುಮಾರ ರಾಯರು ಬಂದಿಳಿದದ್ದು ಇದೇ ಮನೆಗೆ. ಸಹಾಯವೂ ಬೇಕು, ಸಹಾಯ ಮಾಡುವವನ ಉದ್ದೇಶದಲ್ಲಿ ನಂಬಿಕೆಯೂ ಇಲ್ಲ ಎಂಬ ಇಕ್ಕಟ್ಟು ಅಂದಿನ ಹುಡುಗರದ್ದು. ೧೯೨೦ರಲ್ಲಿ ಕೆ. ಟಿ. ಪಾಲ್ ಅವರ ಮುಂದಾಳುತನದಲ್ಲಿ ತೆರೆದ ವೈ.ಎಂ.ಸಿ.ಎ. ವಿದ್ಯಾರ್ಥಿನಿಲಯವು ಈ ಇಕ್ಕಟ್ಟನ್ನು ಎಷ್ಟೋ ಸಡಿಲಿಸಿತು. ಅದನ್ನು ನಡೆಸಿದವರು ಭಾರತೀಯರೇ, ಊಟ ನಮ್ಮದೇ. ೧೯೫೩ರಲ್ಲಿ ಫಿಟ್ಜ್‌ರಾಯ್ ಚೌಕದಲ್ಲಿ ಕಟ್ಟಿದ ಅದರ ಕಟ್ಟಡದಲ್ಲಿ ಈಗಲೂ ಅನ್ನ ಸಾರು ಸಿಗುತ್ತದೆ.

ನಮ್ಮ ಕನ್ನಡನಾಡಿನ ಕಡೆಗೆ ಬಂದರೆ, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗರಾಯರು ಸರ್ಕಾರಿ ವೇತನದ ಮೇಲೆ ಕೇಂಬ್ರಿಜ್ಜಿಗೆ ಹೋಗಿ, ಐ.ಸಿ.ಎಸ್. ಆಗಿ, ಕೊನೆಗೆ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾದರು. ಅವರ ತಮ್ಮ ರಾಮರಾಯರೂ ಕೇಂಬ್ರಿಜ್ಜಿನವರೇ. ೧೯೪೯ರಿಂದ ೧೯೫೭ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರು. ಬೆಳಗಾವಿಯ ಕಡೆಯಲ್ಲಿ ಶಿರಸಂಗಿ ಲಿಂಗರಾಜ ದೇಸಾಯರು ೧೯೦೬ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಉಯಿಲು ಬರೆದಿದ್ದರು. ಜನರು ಅವರನ್ನು ತ್ಯಾಗವೀರರೆಂದು ಕರೆದದ್ದು ಸುಮ್ಮನೆ ಅಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ದಾ. ಚಿ. ಪಾವಟೆಯವರು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ಬಂದು, ೧೯೫೪ರಿಂದ ೧೯೬೭ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದರು. ಈಗ ಅವರ ಹೆಸರಿನ ಫೆಲೋಶಿಪ್ಪು ಕರ್ನಾಟಕದ ತರುಣರನ್ನು ಅದೇ ಕಾಲೇಜಿಗೆ ಕಳುಹಿಸುತ್ತಿದೆ. ತಾನು ಹತ್ತಿದ ಏಣಿಯನ್ನು ಒದೆಯದೆ ಇನ್ನೊಬ್ಬರಿಗೆ ಹಿಡಿದು ನಿಂತವರು ನಮ್ಮಲ್ಲಿ ಬಹಳಿಲ್ಲ.

ಸ್ವಾತಂತ್ರ್ಯಾನಂತರ ವೇತನಗಳ ದಾರಿ ಅಗಲವಾಯಿತು. ೧೯೫೦ರಲ್ಲಿ ಅಮೆರಿಕದೊಡನೆ ಫುಲ್‌ಬ್ರೈಟ್ ಒಪ್ಪಂದ. ೧೯೫೪-೫೫ರಿಂದ ಹಿಂದುಳಿಸಲ್ಪಟ್ಟವರ ಮಕ್ಕಳಿಗೆ ಭಾರತ ಸರ್ಕಾರದ ಸಾಗರೋತ್ತರ ವೇತನ. ೧೯೫೯ರಲ್ಲಿ ಕಾಮನ್‌ವೆಲ್ತ್ ವೇತನದ ಯೋಜನೆ. ಇವುಗಳಿಂದ ಕನ್ನಡ ಸಾಹಿತ್ಯಕ್ಕೆ ಆದ ಲಾಭವನ್ನು ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಬರೆದಿಲ್ಲ. ರೋಡ್ಸ್ ವೇತನ ಪಡೆದು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯ ತಳಮಳದಲ್ಲಿ ಗಿರೀಶ ಕಾರ್ನಾಡರು ‘ಯಯಾತಿ’ ಬರೆದರು. ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದ ಅನಂತಮೂರ್ತಿಯವರು ಅಲ್ಲಿ ಕುಳಿತು ‘ಸಂಸ್ಕಾರ’ ಬರೆದರು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲೆಂದು ಕೊಟ್ಟ ಹಣದಲ್ಲಿ ಕನ್ನಡಕ್ಕೆ ಕಾದಂಬರಿ ಬಂದಿತು!

ವೇತನವಿಲ್ಲದೆ ಮನೆಯ ಹಣದಿಂದ ಹೋದವರ ಪಾಡು ಬೇರೆ. ದೇಶದಲ್ಲಿ ವಿದೇಶೀ ವಿನಿಮಯದ ಬರಗಾಲ. ಅರುವತ್ತರ ದಶಕದಲ್ಲಿ ಎಂಟು ಡಾಲರು ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆವೆಂದು ಹೇಳುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಅದು ಅತಿಶಯೋಕ್ತಿಯಲ್ಲ, ಅಂದಿನ ನಿಯಮವೇ ಹಾಗಿತ್ತು. ೧೯೬೬ರ ಜೂನ್ ೬ರಂದು ರೂಪಾಯಿಯ ಬೆಲೆಯನ್ನು ಇಳಿಸಿದಾಗ ಡಾಲರಿನ ದರ ೪.೭೬ರಿಂದ ೭.೫೦ ರೂಪಾಯಿಗೆ ಏರಿತು. ಮಗನಿಗೆ ನೂರು ಡಾಲರು ಕಳುಹಿಸಲು ೪೭೬ ರೂಪಾಯಿ ಕೂಡಿಟ್ಟ ತಂದೆ ಮರುದಿನ ೭೫೦ ರೂಪಾಯಿ ಹುಡುಕಬೇಕಾಯಿತು. ಇತಿಹಾಸದ ಪುಸ್ತಕದಲ್ಲಿ ಇದು ಒಂದು ಸಾಲು. ಎಷ್ಟೋ ಮನೆಗಳಲ್ಲಿ ಒಂದು ಜೊತೆ ಬಳೆ.

ಆ ಬರಗಾಲ ಈಗಿಲ್ಲ. ರಿಸರ್ವ್ ಬ್ಯಾಂಕು ೨೦೦೪ರಲ್ಲಿ ವರ್ಷಕ್ಕೆ ೨೫,೦೦೦ ಡಾಲರು ಕಳುಹಿಸಬಹುದೆಂದು ತೆರೆದ ಬಾಗಿಲು ೨೦೧೫ರ ಹೊತ್ತಿಗೆ ೨,೫೦,೦೦೦ ಡಾಲರಿನಷ್ಟು ಅಗಲವಾಯಿತು. ೨೦೦೧ರಲ್ಲಿ ಬ್ಯಾಂಕುಗಳ ಸಂಘವು ಶಿಕ್ಷಣ ಸಾಲಕ್ಕೆ ಮಾದರಿ ಯೋಜನೆಯೊಂದನ್ನು ರಚಿಸಿತು. ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಆ ಮಾದರಿಯಂತೆ ನಾಲ್ಕು ಲಕ್ಷದವರೆಗೆ ಆಸ್ತಿಯ ಆಧಾರ ಕೇಳುತ್ತಿರಲಿಲ್ಲ. ಏಳೂವರೆ ಲಕ್ಷದವರೆಗೆ ಇನ್ನೊಬ್ಬರ ಜಾಮೀನು ನಡೆಯುತ್ತಿತ್ತು. ಅದನ್ನು ಮೀರಿದರೆ ಮನೆಯನ್ನೋ ಜಮೀನನ್ನೋ ಒತ್ತೆಯಿಡಬೇಕು. ಹೆಸರಾಂತ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಸಿಕ್ಕಿದವರಿಗೆ ಕೆಲವು ಬ್ಯಾಂಕುಗಳು ಈ ಕಟ್ಟನ್ನು ಸಡಿಲಿಸುವುದುಂಟು. ಆದರೆ ಇಂದು ಪರದೇಶದ ಓದಿಗೆ ಏಳೂವರೆ ಲಕ್ಷ ಎಲ್ಲಿಗೆ ಸಾಕು? ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳು ಹೆಚ್ಚಾಗಿ ಬೋಧನಾಶುಲ್ಕ ಕೇಳುವುದಿಲ್ಲವೆಂದು ಸಂತೋಷಪಟ್ಟುಕೊಂಡು ಹೋದರೆ, ಜೀವನವೆಚ್ಚಕ್ಕೆಂದು ವರ್ಷಕ್ಕೆ ೧೧,೯೦೪ ಯೂರೋ ಮುಂಗಡವಾಗಿ ಖಾತೆಯಲ್ಲಿ ಕಟ್ಟಿತೋರಿಸಬೇಕೆಂದು ೨೦೨೪ರಲ್ಲಿ ಗೊತ್ತುಮಾಡಿದ್ದಾರೆ.

ನಮ್ಮವರ ತೊಡಕು ಇಲ್ಲಿಯೇ. ಮುಂಬಯಿಯ ಕನ್ನಡಿಗರಲ್ಲಿ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಮನೆಗಳು ಎಷ್ಟೋ. ಮಕ್ಕಳು ಜಾಣರು, ಪ್ರವೇಶಪತ್ರ ತಂದು ಮೇಜಿನ ಮೇಲೆ ಇಡುತ್ತಾರೆ. ಒತ್ತೆಗೆ ಏನಿದೆ ಎಂದು ಕೇಳಿದರೆ ತಂದೆ ಹೇಳುವುದು, ‘ಊರಿನಲ್ಲಿ ಗದ್ದೆಯಿದೆ ಸ್ವಾಮಿ, ಅಜ್ಜನ ಕಾಲದ್ದು.’ ಗದ್ದೆ ಇರುವುದು ನಿಜ. ಆದರೆ ಅದು ಹನ್ನೊಂದು ಮಂದಿ ಪಾಲುದಾರರ ಅವಿಭಕ್ತ ಆಸ್ತಿ. ಒಬ್ಬ ದೊಡ್ಡಪ್ಪ ಊರಿನಲ್ಲಿ, ಒಬ್ಬ ಚಿಕ್ಕಪ್ಪ ಮಸ್ಕತ್ತಿನಲ್ಲಿ. ತೀರಿಕೊಂಡ ಅತ್ತೆಯ ಮಕ್ಕಳು ಎಲ್ಲಿದ್ದಾರೋ. ಎಲ್ಲರ ಸಹಿಯಿಲ್ಲದೆ ಅದರ ಮೇಲೆ ಸಾಲ ಕೊಡಲು ಬರುವುದಿಲ್ಲ. ಇಲ್ಲಿನ ಮನೆಯೋ ಪಗಡಿಯದು, ಅದೂ ನಡೆಯದು. ಕಾಗದಪತ್ರಗಳನ್ನು ಮಡಚಿ ಹಿಂದಕ್ಕೆ ಕೊಡುವಾಗ ನಮಗೆ ಆಗುವ ಸಂಕಟ ನಿಯಮಾವಳಿಯಲ್ಲಿ ಬರೆದದ್ದಲ್ಲ.

ಆಸ್ತಿಯಿಲ್ಲದವರಿಗೆ ಮನುಷ್ಯರೇ ಆಸ್ತಿಯಾಗಬಹುದೆಂದು ಈ ಊರಿನಲ್ಲಿ ನಮ್ಮವರೇ ಹಿಂದೆ ತೋರಿಸಿದ್ದುಂಟು. ಕೆನರಾದ ಸಾರಸ್ವತರಾದ ಶ್ರೀಪಾದ ಸುಬ್ರಾವ್ ತಲಮಕಿಯವರು ೧೯೦೬ರಲ್ಲಿ ಶಾಮರಾವ್ ವಿಠಲ ಸಹಕಾರಿ ಸಂಘವನ್ನು ಕಟ್ಟಿದಾಗ, ಸದಸ್ಯರಲ್ಲಿ ಹೆಚ್ಚಿನವರು ನಮ್ಮಂಥ ಸಂಬಳದ ಜನ. ಸಹಕಾರಿ ಸಾಲದ ರೀತಿಯೇ ಹಾಗೆ: ಒಬ್ಬನ ಸಾಲಕ್ಕೆ ಇಬ್ಬರು ಸದಸ್ಯರು ಸಹಿ ಹಾಕಿ ನಿಲ್ಲುತ್ತಾರೆ, ಅವನು ತಪ್ಪಿದರೆ ಇವರ ಸಂಬಳಕ್ಕೆ ಬರುತ್ತದೆ, ಆದುದರಿಂದ ಅವನು ತಪ್ಪುವುದು ಅಪರೂಪ. ಏಳೂವರೆ ಲಕ್ಷದವರೆಗೆ ಮಾದರಿ ಯೋಜನೆ ಕೇಳುತ್ತಿದ್ದುದೂ ಇಂಥ ಒಂದು ಸಹಿಯನ್ನೇ. ಆ ಸಹಿಯನ್ನು ಹಾಕಬಲ್ಲ ಅನುಕೂಲಸ್ಥರು ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಕಾರ್ಯಕಾರಿ ಸಮಿತಿಯವರು ಒಮ್ಮೆ ಎಣಿಸಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಜೊತೆಗೆ ಇನ್ನೊಂದು ಪಟ್ಟಿಯೂ ಬೇಕು. ಲಂಡನ್ನು, ಮ್ಯೂನಿಕ್ಕು, ಟೊರಾಂಟೊ, ಮೆಲ್ಬರ್ನ್, ಇಂಥ ಊರುಗಳಲ್ಲಿರುವ ನಮ್ಮ ಸದಸ್ಯರ ಮಕ್ಕಳು, ಬಂಧುಗಳು ಯಾರು. ಹೊಸದಾಗಿ ಇಳಿದ ಹುಡುಗಿಗೆ ಬಾಡಿಗೆಯ ಕೋಣೆ ಸಿಗುವವರೆಗೆ ಹತ್ತು ದಿನ ಹಾಸಿಗೆ ಕೊಡಬಲ್ಲವರು ಯಾರು, ವಿಮಾನನಿಲ್ದಾಣಕ್ಕೆ ಬರಬಲ್ಲವರು ಯಾರು. ಮುಖ್ಯ ವಿಶ್ವವಿದ್ಯಾನಿಲಯಗಳ ತರಗತಿಗಳು ಬಹುಮಟ್ಟಿಗೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮೊದಲಾಗುತ್ತವೆ; ಸಾಲದ ಅರ್ಜಿಗಳು ನಮ್ಮ ಮೇಜಿಗೆ ಬರುವುದು ಮೇ ತಿಂಗಳಿನಿಂದ. ರಾಜ್ಯೋತ್ಸವದ ಗಡಿಬಿಡಿ ಮುಗಿದ ಮೇಲೆ ಅದಕ್ಕೆ ಆರು ತಿಂಗಳ ವೇಳೆಯಿದೆ.